ದಾರಿಯಲ್ಲಿ ಸಿಕ್ಕ ನಾಯಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬೀದಿಯಲ್ಲಿ ನಾಯಿ ಸಿಕ್ಕಿದೆ, ಮುಂದೇನು ಎಂದು ಕೇಳಿದ ಪತ್ರಗಳೇ ಈ ಬಾರಿ ಹೆಚ್ಚು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ರಸ್ತೆಗೆ ಹೊಸ ನಾಯಿಯೊಂದು ಬಂದಿದೆ. ಕೊರಳಲ್ಲಿ ಬೆಲ್ಟ್ ಇದೆ. ಹತ್ತಿರ ಹೋದರೆ ಓಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಹಿಡಿಯುವುದು ಹೇಗೆ?

ಉತ್ತರ: ಮೊದಲು ಅದರ ಬೆನ್ನು ಹತ್ತುವುದನ್ನು ಬಿಡಿ. ದಾರಿ ತಪ್ಪಿದ ನಾಯಿ ಎಷ್ಟೋ ಸಲ ಸಾಕಿದವರು ಕರೆದರೂ ಓಡುವಷ್ಟು ಗಾಬರಿಯಲ್ಲಿರುತ್ತದೆ. ಅಟ್ಟಿದರೆ ವಾಹನಗಳ ನಡುವೆ ನುಗ್ಗುತ್ತದೆ, ಇಲ್ಲವೇ ಈಗ ಒಗ್ಗಿರುವ ಜಾಗವನ್ನೂ ಬಿಟ್ಟು ದೂರ ಹೋಗುತ್ತದೆ. ಅದು ತಿರುಗಿ ಅಲ್ಲಿಗೇ ಬರುತ್ತಿದೆಯಲ್ಲ, ಅರ್ಧ ಕೆಲಸ ಆದಂತೆಯೇ. ದಿನವೂ ಒಂದೇ ಹೊತ್ತಿಗೆ ಒಂದೇ ಕಡೆ ನೀರು ಮತ್ತು ವಾಸನೆ ಚೆನ್ನಾಗಿ ಬರುವ ಆಹಾರ ಇಟ್ಟು ದೂರ ಸರಿಯಿರಿ. ಬಟ್ಟಲನ್ನು ದಿನಕ್ಕಿಷ್ಟು ಗೇಟಿನ ಕಡೆಗೆ, ಆಮೇಲೆ ಗೇಟಿನೊಳಗೆ ಸರಿಸಿ. ಒಳಗೆ ಬಂದು ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ, ಮೊದಲೇ ಕಟ್ಟಿಟ್ಟ ಉದ್ದ ಹಗ್ಗದಿಂದ ಗೇಟನ್ನು ದೂರದಿಂದಲೇ ಎಳೆದು ಮುಚ್ಚಿ.

ಹತ್ತಿರ ಬಿಟ್ಟುಕೊಂಡರೆ ಎದುರಿನಿಂದ ನೇರ ಹೋಗಬೇಡಿ. ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು, ಅದರ ಕಣ್ಣನ್ನೇ ದಿಟ್ಟಿಸದೆ, ಅದು ತಾನಾಗಿ ಬಂದು ಮೂಸಲು ಬಿಡಿ. ತಲೆ ಮೇಲಿಂದ ಕೈ ತರಬಾರದು. ಎದೆ ಅಥವಾ ಕುತ್ತಿಗೆಯ ಬದಿಯಿಂದ ಮುಟ್ಟಬೇಕು. ಬೆಲ್ಟಿಗೇ ಕೈ ಹಾಕಿ ಎಳೆಯುವುದು ಹಲವರು ಕಚ್ಚಿಸಿಕೊಳ್ಳುವ ದಾರಿ. ಬೆಲ್ಟ್ ಸಡಿಲವಿದ್ದರೆ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಹೋಗಿಯೂಬಿಡುತ್ತದೆ. ಬೆರಳಿನಷ್ಟು ದಪ್ಪದ, ಎರಡು ಮೀಟರ್ ಉದ್ದದ ಹತ್ತಿ ಹಗ್ಗದ ಒಂದು ತುದಿಗೆ ಸಣ್ಣ ಬಳೆಯಂತೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಿದರೆ ಬೆಲ್ಟ್ ಹಿಡಿಯುವ ಬದಲು ಕೊರಳಿಗೆ ಹಾಕಲು ಜಾರುವ ಕುಣಿಕೆ ಸಿದ್ಧ. ತೆಳು ನೈಲಾನ್ ದಾರ ಬೇಡ, ಚರ್ಮ ಕೊಯ್ಯುತ್ತದೆ.

ಬಾಲ ಆಡಿಸಿತೆಂದು ನಂಬಿಬಿಡಬೇಡಿ. ಮೈ ಬಿಗಿದು, ಬಾಲ ಮೇಲೆತ್ತಿ ಪುಟ್ಟಪುಟ್ಟಗೆ ಬಿರುಸಾಗಿ ಆಡಿಸುವ ನಾಯಿ, ಮುಖ ಆಚೆ ತಿರುಗಿಸಿಯೂ ಕಣ್ಣಂಚಿನ ಬಿಳಿ ತೋರಿಸುತ್ತಾ ನೋಡುವ ನಾಯಿ ಇನ್ನೂ ಒಪ್ಪಿಲ್ಲ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು: ದವಡೆ ಜೋತುಬಿದ್ದು ಜೊಲ್ಲು ಸುರಿಸುವ, ನುಂಗಲಾರದ ನಾಯಿಯನ್ನು ಕಂಡು ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವವರಿದ್ದಾರೆ. ರೇಬೀಸ್‌ನ ಒಂದು ಬಗೆ ಹೀಗೆಯೇ ಕಾಣುತ್ತದೆ. ಅಂಥ ನಾಯಿ, ತೂರಾಡುವ ಅಥವಾ ಬೊಗಳುವ ಸ್ವರ ವಿಚಿತ್ರವಾಗಿ ಬದಲಾದ ನಾಯಿ ಕಂಡರೆ ಹಿಡಿಯಲು ಹೋಗದೆ ಸ್ಥಳೀಯ ಆಡಳಿತದ ನಾಯಿ ಹಿಡಿಯುವ ತಂಡಕ್ಕೆ ತಿಳಿಸಿ.

ಪ್ರಶ್ನೆ: ಮೂಳೆ ಎಣಿಸುವಷ್ಟು ಬಡಕಲಾದ ನಾಯಿಯನ್ನು ಮನೆಗೆ ತಂದಿದ್ದೇವೆ. ಎಷ್ಟು ಕೊಟ್ಟರೂ ಗಬಗಬ ತಿನ್ನುತ್ತದೆ. ಹೊಟ್ಟೆ ತುಂಬಾ ಹಾಕಬಹುದೇ? ಮನೆಯಲ್ಲಿ ನಮ್ಮದೇ ನಾಯಿಯೂ ಇದೆ.

ಉತ್ತರ: ಹಾಕಬೇಡಿ. ದಿನಗಟ್ಟಲೆ ಉಪವಾಸ ಬಿದ್ದ ದೇಹ ಕೊಬ್ಬು ಮತ್ತು ಸ್ನಾಯುಗಳನ್ನು ಕರಗಿಸಿಕೊಂಡು ಬದುಕಿರುತ್ತದೆ. ಒಮ್ಮೆಲೇ ಹೊಟ್ಟೆ ತುಂಬಾ, ಅದರಲ್ಲೂ ಅನ್ನ–ಬ್ರೆಡ್ಡಿನಂಥ ಪಿಷ್ಟದ ಆಹಾರ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಜೀವಕೋಶಗಳೊಳಗೆ ಸೆಳೆದುಹೋಗುತ್ತವೆ. ರಕ್ತದಲ್ಲಿ ಅವು ಕುಸಿದಾಗ ನಾಯಿ ನಿಲ್ಲಲಾರದಷ್ಟು ಸೊರಗುತ್ತದೆ, ಉಸಿರಾಟ ಹದಗೆಡುತ್ತದೆ, ಹೃದಯವೂ ತಾಳ ತಪ್ಪಬಹುದು. ಉಂಡ ಕೆಲವು ದಿನಗಳಲ್ಲೇ ಇದು ಕಾಣಿಸಿಕೊಳ್ಳುವುದರಿಂದ, ತಿನ್ನುತ್ತಿತ್ತಲ್ಲ, ಹೇಗೆ ಸತ್ತಿತು ಎಂದು ಮನೆಯವರಿಗೆ ಅರ್ಥವೇ ಆಗುವುದಿಲ್ಲ.

ಲೆಕ್ಕ ಹೀಗೆ. 10 ಕೆ.ಜಿ. ತೂಕದ ನಾಯಿಗೆ ಸುಮ್ಮನೆ ಮಲಗಿರಲು ದಿನಕ್ಕೆ ಸುಮಾರು 400 ಕಿಲೋ ಕ್ಯಾಲೊರಿ ಬೇಕು. ಮೊದಲ ದಿನ ಅದರ ಕಾಲುಭಾಗ, ಅಂದರೆ 100 ಕಿಲೋ ಕ್ಯಾಲೊರಿಯನ್ನು ನಾಲ್ಕರಿಂದ ಆರು ಸಲಕ್ಕೆ ಹಂಚಿ. ವಾಂತಿ, ಭೇದಿ ಇಲ್ಲದಿದ್ದರೆ ಎರಡನೇ ದಿನ ಅರ್ಧ, ಮೂರನೇ ದಿನ ಮುಕ್ಕಾಲು, ನಾಲ್ಕನೇ ದಿನ ಪೂರ್ತಿ. ತೀರಾ ಬಡಕಲಾಗಿದ್ದರೆ ಇದಕ್ಕಿಂತ ನಿಧಾನ. ಜೊತೆಗೆ ಪಶುವೈದ್ಯರು ರಕ್ತ ಪರೀಕ್ಷಿಸಿ ರಂಜಕದ ಮಟ್ಟ ನೋಡಬೇಕು. ನಾಯಿ ಆಹಾರದ ಚೀಲದ ಮೇಲೆ 100 ಗ್ರಾಮಿಗೆ ಎಷ್ಟು ಕ್ಯಾಲೊರಿ ಎಂದು ಬರೆದಿರುತ್ತದೆ, ಅದನ್ನು ನೋಡಿ ತೂಗಿ. ನೀರನ್ನೂ ಒಮ್ಮೆಗೇ ಬಕೆಟ್‌ಗಟ್ಟಲೆ ಇಡದೆ ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಕೂಡದು. ನೋವಿದೆಯೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆ ಕೊಡುವುದಂತೂ ವಿಷ ಹಾಕಿದ ಹಾಗೆ.

ನಿಮ್ಮ ನಾಯಿಯಿಂದ ಹೊಸ ನಾಯಿಯನ್ನು ಕನಿಷ್ಠ 14 ದಿನ ಬೇರೆ ಇಡಿ. ಪಾರ್ವೊ ಎಂಬ ಕರುಳಿನ ವೈರಸ್ ಸೋಂಕು ತಗಲಿದ ನಾಯಿ ಒಂದೆರಡು ವಾರದವರೆಗೂ ಆರೋಗ್ಯವಾಗಿಯೇ ಕಾಣಬಹುದು. ಆಮೇಲೆ ವಾಂತಿ, ದುರ್ನಾತದ ರಕ್ತಭೇದಿ. ಡಿಸ್ಟೆಂಪರ್ ಎಂಬ ಮತ್ತೊಂದು ವೈರಸ್ ರೋಗ ಇನ್ನೂ ತಡವಾಗಿ ಹೊರಬೀಳಬಹುದು. ಕಣ್ಣು ಮೂಗಿನಲ್ಲಿ ಕೀವು, ಕೆಮ್ಮು ಕಂಡರೆ ಪ್ರತ್ಯೇಕವಾಸ ಮುಂದುವರಿಸಿ. ಬಟ್ಟಲು, ಹಾಸಿಗೆ, ಚೈನು ಎಲ್ಲವೂ ಬೇರೆ. ಮೊದಲು ನಿಮ್ಮ ನಾಯಿಯ ಕೆಲಸ, ಕೊನೆಗೆ ಹೊಸದರದ್ದು. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮಾಮೂಲಿ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ನೆಲ 10 ನಿಮಿಷ ಒದ್ದೆಯಾಗಿರುವಂತೆ ಬಿಡಬೇಕು. ಆದರೆ ಅದಕ್ಕೆ ಮುಂಚೆ ಸೋಪಿನಿಂದ ತೊಳೆಯಿರಿ. ಮಲ, ಮಣ್ಣು ಇದ್ದ ಕಡೆ ಬ್ಲೀಚ್ ಕೆಲಸ ಮಾಡುವುದೇ ಇಲ್ಲ.

ಸ್ನಾನಕ್ಕೆ ಅವಸರವಿಲ್ಲ. ಮೊದಲ ದಿನ ಒಸಡು ನೋಡಿ ಸಾಕು: ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒಸಡು ಪೂರ್ತಿ ಬಿಳಿಯಾಗಿದ್ದರೆ ಅಥವಾ ಹಳದಿಯಾಗಿದ್ದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಹಳದಿಯಿದ್ದರೆ ಕೈಗವಸು ಹಾಕದೆ ಮೂತ್ರ ಮುಟ್ಟಬೇಡಿ; ಇಲಿಜ್ವರದ ಲೆಪ್ಟೊಸ್ಪೈರಾ ಮನುಷ್ಯರಿಗೂ ಹರಡುತ್ತದೆ.

ಪ್ರಶ್ನೆ: ಸಿಕ್ಕ ನಾಯಿಯ ಮಾಲೀಕರನ್ನು ಹುಡುಕುವುದು ಹೇಗೆ? ಮೈಯಲ್ಲಿ ಚಿಪ್ ಇರುತ್ತದಂತೆ, ಅದರಿಂದ ಮನೆ ಎಲ್ಲಿದೆ ಎಂದು ತಿಳಿಯುವುದೇ?

ಉತ್ತರ: ಚಿಪ್ ಜಾಗ ತೋರಿಸುವುದಿಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಅದರಲ್ಲಿ ಬ್ಯಾಟರಿಯೂ ಇಲ್ಲ. ಸ್ಕ್ಯಾನರ್ ಹತ್ತಿರ ತಂದಾಗ ಒಂದು ಸಂಖ್ಯೆ ಹೇಳುತ್ತದೆ, ಸಾಮಾನ್ಯವಾಗಿ 15 ಅಂಕಿಯದು. ಆ ಸಂಖ್ಯೆ ಯಾರ ಹೆಸರಲ್ಲಿ ನೋಂದಣಿಯಾಗಿದೆ ಎಂಬುದನ್ನು ನೋಂದಣಿ ಸಂಸ್ಥೆಯಿಂದ ತಿಳಿಯಬೇಕು. ಪಶು ಆಸ್ಪತ್ರೆಯಲ್ಲಿ ಭುಜಗಳ ನಡುವೆ ಒಮ್ಮೆ ಆಡಿಸಿ ಚಿಪ್ ಇಲ್ಲ ಎಂದರೆ ಇನ್ನೊಮ್ಮೆ ನೋಡಲು ಹೇಳಿ: ಚಿಪ್ ಚರ್ಮದಡಿ ಜಾರಿ ಮೊಣಕೈ, ಎದೆಯವರೆಗೂ ಇಳಿದಿರಬಹುದು. ಸ್ಕ್ಯಾನರನ್ನು ಮೈಗೆ ತಾಗಿಸಿಕೊಂಡು, ಹಾವಿನ ನಡೆಯಂತೆ ಅಂಕುಡೊಂಕಾಗಿ, ನಿಧಾನವಾಗಿ ಸರಿಸಬೇಕು. ಲೋಹದ ಬೆಲ್ಟ್ ತೆಗೆದಿಡಿ.

ಫೋಟೊ ಹಾಕಿ ತಿಳಿಸುವಾಗ ಎಲ್ಲವನ್ನೂ ಬರೆಯಬೇಡಿ. ಹೊಟ್ಟೆಯಡಿಯ ಮಚ್ಚೆ, ಹಳೆ ಗಾಯದ ಕಲೆ, ಬೆಲ್ಟಿನ ಬಣ್ಣ, ಇವುಗಳಲ್ಲಿ ಒಂದನ್ನಾದರೂ ಮುಚ್ಚಿಟ್ಟು, ನನ್ನದೇ ನಾಯಿ ಎಂದು ಬಂದವರ ಬಾಯಿಂದಲೇ ಹೇಳಿಸಿ. ಹಳೆಯ ಫೋಟೊ, ಲಸಿಕೆ ಪುಸ್ತಕ ಕೇಳಿ. ನಾಯಿ ಅವರನ್ನು ಕಂಡು ಕುಣಿದದ್ದನ್ನೇ ಪುರಾವೆ ಎನ್ನಲಾಗದು. ಕೆಲವು ನಾಯಿಗಳು ಯಾರನ್ನು ಕಂಡರೂ ಕುಣಿಯುತ್ತವೆ. ಸಿಕ್ಕ ನಾಯಿಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾರಿಗೆ ತಿಳಿಸಬೇಕು ಎಂಬ ಕಾನೂನು ಊರೂರಿಗೆ ಬೇರೆ. ಸ್ಥಳೀಯ ಆಡಳಿತಕ್ಕೆ ಬರವಣಿಗೆಯಲ್ಲಿ ತಿಳಿಸಿಟ್ಟರೆ ಮುಂದೆ ಕಳ್ಳತನದ ಮಾತು ಬರುವುದಿಲ್ಲ.

ಪ್ರಶ್ನೆ: ಹಿಡಿಯುವಾಗ ನಾಯಿ ಕೈ ಪರಚಿತು, ತುಸು ರಕ್ತ ಬಂತು. 10 ದಿನ ನಾಯಿ ಬದುಕಿದ್ದರೆ ಲಸಿಕೆ ಬೇಡ ಎನ್ನುತ್ತಾರೆ. ಕಾದು ನೋಡಬಹುದೇ?

ಉತ್ತರ: ಕಾಯಬೇಡಿ. ಈಗಲೇ ನಲ್ಲಿ ಕೆಳಗೆ ಗಾಯ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಹೆಚ್ಚಿನವರು ಎರಡೇ ನಿಮಿಷಕ್ಕೆ ನಿಲ್ಲಿಸುತ್ತಾರೆ. ರೇಬೀಸ್ ವೈರಸ್‌ನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ನಂತರ ಅಯೋಡಿನ್ ದ್ರಾವಣ ಹಚ್ಚಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ, ಗಾಯಕ್ಕೆ ಬಿಗಿಯಾಗಿ ಕಟ್ಟುವುದೂ ಬೇಡ. ಅಂದೇ ವೈದ್ಯರಲ್ಲಿಗೆ ಹೋಗಿ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ರಕ್ತ ಬಂದ ಪರಚು ಅಥವಾ ಕಡಿತ ಮೂರನೇ ವರ್ಗ: ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಬೇಕು. ಲಸಿಕೆ ಕೊಟ್ಟ ಕೂಡಲೇ ಪ್ರತಿರೋಧ ಹುಟ್ಟುವುದಿಲ್ಲ, ಆ ನಡುವಿನ ದಿನಗಳಲ್ಲಿ ರಕ್ಷಿಸುವುದು ಈ ಇಮ್ಯುನೊಗ್ಲೋಬ್ಯುಲಿನ್. ರಕ್ತ ಬರದ ಸಣ್ಣ ಪರಚಿಗೆ ಲಸಿಕೆ ಮಾತ್ರ. ಗಾಯವಿಲ್ಲದ ಚರ್ಮ ನೆಕ್ಕಿದ್ದರೆ ತೊಳೆದುಕೊಂಡರೆ ಸಾಕು, ಆದರೆ ಕಣ್ಣು, ಬಾಯಿಗೆ ಜೊಲ್ಲು ತಾಗಿದರೆ ಅದೂ ಮೂರನೇ ವರ್ಗವೇ.

ಇನ್ನು 10 ದಿನದ ಮಾತು. ಕಚ್ಚಿದ ದಿನ ನಾಯಿಯ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ 10 ದಿನದೊಳಗೆ ಅದು ಕಾಯಿಲೆಯಾಗಿ ಸಾಯುತ್ತದೆ. ಅಷ್ಟು ದಿನ ಆರೋಗ್ಯವಾಗಿದ್ದರೆ, ಶುರುಮಾಡಿದ ಲಸಿಕೆಯನ್ನು ನಿಲ್ಲಿಸಬಹುದೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಅಂದರೆ ಈ ನಿಯಮ ಲಸಿಕೆ ನಿಲ್ಲಿಸುವುದಕ್ಕೆ ಇರುವುದೇ ಹೊರತು ತಡಮಾಡುವುದಕ್ಕಲ್ಲ. ಇದರಲ್ಲೇ ಇನ್ನೊಂದು ತಪ್ಪು ತಿಳಿವಳಿಕೆಯಿದೆ: 10 ದಿನ ದಾಟಿದ ನಾಯಿಗೆ ರೇಬೀಸ್ ಇಲ್ಲವೇ ಇಲ್ಲ ಎಂದುಕೊಳ್ಳುವುದು. ಬೇರೆ ನಾಯಿಯಿಂದ ಕಚ್ಚಿಸಿಕೊಂಡ ನಾಯಿಯಲ್ಲಿ ರೋಗ ಹೊರಬೀಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೈಮೇಲೆ ಕಚ್ಚಿದ ಗಾಯದ ಗುರುತಿರುವ ನಾಯಿ ಸಿಕ್ಕಿದ್ದರೆ ಪಶುವೈದ್ಯರಿಗೆ ಅದನ್ನು ಮೊದಲೇ ಹೇಳಿ.

ಪ್ರಶ್ನೆ: ಪೊದೆಯಲ್ಲಿ ಕಣ್ಣು ಬಿಡದ ನಾಲ್ಕು ಮರಿಗಳು ಸಿಕ್ಕಿವೆ. ತಾಯಿ ಕಾಣಿಸುತ್ತಿಲ್ಲ. ಹಾಲು ಕುಡಿಸಲೇ?

ಉತ್ತರ: ಮೊದಲು ಮರಿಗಳನ್ನು ಮುಟ್ಟಿ ನೋಡಿ. ಮೈ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದರೆ ತಾಯಿ ಆಹಾರ ಹುಡುಕಲು ಹೋಗಿದ್ದಾಳೆ. ನೀವು ಪಕ್ಕದಲ್ಲೇ ನಿಂತರೆ ಅವಳು ಬರುವುದಿಲ್ಲ. ದೂರ ಹೋಗಿ ಕೆಲವು ಗಂಟೆ ಗಮನಿಸಿ. ಮೈ ತಣ್ಣಗಾಗಿ, ಹೊಟ್ಟೆ ಒಳಸೇರಿ, ಬಿಡದೆ ಕುಂಯ್ಗುಡುತ್ತಿದ್ದರೆ ಎತ್ತಿಕೊಳ್ಳಿ.

ಎತ್ತಿಕೊಂಡ ಮೇಲೆ ಮೊದಲು ಶಾಖ, ಹಾಲು ಆಮೇಲೆ. ತಣ್ಣಗಾದ ಮರಿಯ ಕರುಳು ಚಲಿಸುವುದಿಲ್ಲ. ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶ ಸೇರುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದೇ ಬದಿಗಿಟ್ಟು, ಸೆಕೆಯಾದ ಮರಿ ಆಚೆ ತೆವಳಲು ಜಾಗ ಬಿಡಿ. ಮೊದಲ ವಾರ ಪೆಟ್ಟಿಗೆಯೊಳಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೈ ಬೆಚ್ಚಗಾದ ಮೇಲೆ ಮರಿಗಳಿಗೆಂದೇ ಬರುವ ಹಾಲಿನ ಪುಡಿಯನ್ನು ಕಲಸಿ ಕೊಡಿ. ನಾಯಿಯ ಹಾಲಿನಲ್ಲಿ ಪ್ರೋಟೀನ್, ಕೊಬ್ಬು ಎರಡೂ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು, ಲ್ಯಾಕ್ಟೋಸ್ ಕಡಿಮೆ. ಆದ್ದರಿಂದಲೇ ಬರೀ ಹಸುವಿನ ಹಾಲಿನಲ್ಲಿ ಮರಿ ಭೇದಿಯಾಗಿ ಸೊರಗುವುದು. 100 ಗ್ರಾಮ್ ತೂಕಕ್ಕೆ ಒಂದು ಸಲಕ್ಕೆ 4 ಮಿ.ಲೀ., ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಹೊಟ್ಟೆ ಕೆಳಗಾಗಿ ಮಲಗಿಸಿಯೇ ಕುಡಿಸಿ. ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ, ಮೂಗಿನಿಂದ ಹಾಲು ಬಂದರೆ ಕೂಡಲೇ ನಿಲ್ಲಿಸಿ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಮೂತ್ರದ ಜಾಗ, ಗುದದ್ವಾರ ಸವರಬೇಕು. ತಾಯಿ ನೆಕ್ಕದೆ ಮರಿ ತಾನಾಗಿ ಮೂತ್ರ ಮಾಡದು. ದಿನವೂ ಒಂದೇ ಹೊತ್ತಿಗೆ ತೂಗಿ. ತೂಕ ಏರದ ದಿನ ವೈದ್ಯರಿಗೆ ತೋರಿಸುವ ದಿನ.

ಜಂತುಹುಳು ತಾಯಿಯ ಗರ್ಭದಲ್ಲೇ ಸೇರಿರುವುದರಿಂದ ಎರಡು ವಾರಕ್ಕೆ ಮೊದಲ ಔಷಧ, ಎಂಟು ವಾರದವರೆಗೆ ಎರಡೆರಡು ವಾರಕ್ಕೊಮ್ಮೆ. ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ 16 ವಾರ ತುಂಬುವವರೆಗೂ ಮುಂದುವರಿಯಬೇಕು. ಒಂದೇ ಡೋಸಿಗೆ ಬಿಟ್ಟ ಮರಿ ಪಾರ್ವೊಗೆ ತುತ್ತಾಗುವುದು ಅಪರೂಪವಲ್ಲ, ಏಕೆಂದರೆ ತಾಯಿಯಿಂದ ಬಂದ ಪ್ರತಿಕಾಯಗಳು ಆ ಮೊದಲ ಲಸಿಕೆಯನ್ನೇ ಅಳಿಸಿಹಾಕಿರುತ್ತವೆ.

ಪ್ರಶ್ನೆ: ಮೈ ತುಂಬ ರಕ್ತ ಹೀರುವ ಉಣ್ಣಿ, ಕಿವಿಯ ಗಾಯದಲ್ಲಿ ಹುಳು. ಸೀಮೆಎಣ್ಣೆ ಹಾಕಬಹುದೇ?

ಉತ್ತರ: ಎರಡಕ್ಕೂ ಬೇಡ. ಸೀಮೆಎಣ್ಣೆ, ಟರ್ಪೆಂಟೈನ್ ಚರ್ಮ ಸುಡುತ್ತವೆ, ನೆಕ್ಕಿಕೊಂಡರೆ ಹೊಟ್ಟೆಗೂ ಶ್ವಾಸಕೋಶಕ್ಕೂ ವಿಷ. ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಬೆರಳಿಂದ ಹಿಸುಕಬೇಡಿ. ಹುಳು ಬಿದ್ದ ಗಾಯದಲ್ಲಿ ಮೇಲೆ ಕಾಣುವುದು ಕೆಲವೇ, ಉಳಿದವು ಮಾಂಸದೊಳಗೆ ಸುರಂಗ ಕೊರೆದಿರುತ್ತವೆ. ಸುತ್ತಲಿನ ಕೂದಲು ಕತ್ತರಿಸಿ, ಉಪ್ಪುನೀರಲ್ಲಿ ತೊಳೆದು, ತೆಳು ಬಟ್ಟೆ ಹೊದಿಸಿ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಕಿವಿಯ ತುದಿ ಕತ್ತರಿಸಿರುವ ಬೀದಿನಾಯಿಯನ್ನು ಮನೆಗೆ ತರಬೇಕೇ?

ಉತ್ತರ: ಹಲವು ದೇಶಗಳಲ್ಲಿ ಅದು ಸಂತಾನಹರಣ ಚಿಕಿತ್ಸೆ ಮಾಡಿ, ಹಿಡಿದ ಜಾಗಕ್ಕೇ ಬಿಟ್ಟ ನಾಯಿಯ ಗುರುತು. ಮೈಕೈ ತುಂಬಿಕೊಂಡು, ನೆಮ್ಮದಿಯಾಗಿ ಓಡಾಡಿಕೊಂಡಿದ್ದರೆ ಅಲ್ಲೇ ಇರಲಿ. ಗಾಯವೋ ಕಾಯಿಲೆಯೋ ಇದ್ದು ಚಿಕಿತ್ಸೆಗೆ ಒಯ್ದರೆ ಎತ್ತಿಕೊಂಡ ಜಾಗವನ್ನು ಪಕ್ಕದ ಅಂಗಡಿಯೋ ಮನೆಯೋ ಯಾವುದೆಂದು ಸಹಿತ ಬರೆದಿಡಿ, ವಾಸಿಯಾದ ಮೇಲೆ ಅಲ್ಲಿಗೇ ತಂದು ಬಿಡಿ. ಎರಡು ಬೀದಿ ಆಚೆ ಬಿಟ್ಟರೂ ಅಲ್ಲಿನ ನಾಯಿಗಳು ಕಚ್ಚಿ ಓಡಿಸುತ್ತವೆ.