ಚಳಿಗೆ ಗಾಜು ಬೆವರಿದರೆ

ಪ್ರಶ್ನೆ: ಸರ್, ಜೂನ್‌ನಲ್ಲಿ ಎಲೆಕ್ಟ್ರಿಕ್ ಕಾರು ತಗೊಂಡೆವು. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಗಿನ ಐದಕ್ಕೆ ಅತ್ತೆ, ಇಬ್ಬರು ಮಕ್ಕಳ ಜೊತೆ ಬೆಳಗಾವಿಗೆ ಹೊರಟೆ. ಕಾತ್ರಜ್ ಸುರಂಗ ದಾಟುವಷ್ಟರಲ್ಲಿ ಮುಂದಿನ ಗಾಜು ಪೂರ್ತಿ ಮಬ್ಬು. ಒರೆಸಿದರೆ ಎರಡೇ ನಿಮಿಷಕ್ಕೆ ಮತ್ತೆ ಅದೇ. ಚಾರ್ಜ್ ಉಳಿಯಲಿ ಅಂತ ಎಸಿ, ಹೀಟರ್ ಎರಡೂ ಬಂದ್ ಮಾಡಿದ್ದೆ. ಹಳೇ ಡೀಸೆಲ್ ಕಾರಿನಲ್ಲಿ ಈ ತೊಂದರೆ ಇರಲಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ‘ಇವಿ ಅಂದ್ರೆ ಹಾಗೇ’ ಅಂದರು. ನಿಜವಾ?
— ಓದುಗರು, ಕೋಥರೂಡ್, ಪುಣೆ

ಉತ್ತರ: ನಿಜವಲ್ಲ ತಂಗಿ. ರಸ್ತೆ ಕಾಣದ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋದಿರಿ ಅಂತ ಓದಿ ಎದೆ ಧಸಕ್ಕೆಂದಿತು. ಇನ್ನೊಮ್ಮೆ ಹಾಗಾದರೆ ಮೊದಲು ಗಾಡಿ ಬದಿಗೆ ಹಾಕಿ.

ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬು ಬೆವರುತ್ತದೆ ಅಲ್ವಾ? ಇದೂ ಅದೇ. ಪುಣೆಯಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲಿ ಚಳಿ ಎಷ್ಟೋ ಸಲ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಗಾಜು ತಣ್ಣಗಿರುತ್ತದೆ, ಒಳಗೆ ನಾಲ್ವರ ಉಸಿರು. ನಾರ್ವೆಯಂಥ ಕಡೆ ಗಾಜಿನ ಹೊರಗೆ ಮಂಜುಗಡ್ಡೆ ಕೂರುತ್ತದೆ, ಕೆರೆದು ತೆಗೆಯಬೇಕು. ನಮ್ಮದು ಒಳಗಿನ ತೇವ.

ಡೀಸೆಲ್ ಎಂಜಿನ್ ಸುಡುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಬಿಸಿಯಾಗಿ ಹೋಗುತ್ತದೆ. ಆ ಬಿಸಿಯೇ ನಿಮಗೆ ಪುಕ್ಕಟೆ ಸಿಗುತ್ತಿತ್ತು. ಇವಿ ಮೋಟರ್ ಅಷ್ಟು ಕಾಯುವುದಿಲ್ಲ. ಹೀಟರ್‌ಗೂ ಬ್ಯಾಟರಿಯೇ ಕರೆಂಟ್ ಕೊಡಬೇಕು. ಅದಕ್ಕೇ ನೀವು ಬಂದ್ ಮಾಡಿದಿರಿ. ಆದರೆ ಲೆಕ್ಕ ಹಾಕಿ ನೋಡಿ. 5 ಕಿಲೋವ್ಯಾಟ್ ಹೀಟರನ್ನು ಪೂರ್ತಿ ಜೋರಾಗಿ 10 ನಿಮಿಷ ಓಡಿಸಿದರೂ ಒಂದು ಯೂನಿಟ್ ತುಂಬುವುದಿಲ್ಲ. ಅಂದರೆ ಐದಾರು ಕಿಲೋಮೀಟರ್ ಓಟ. ಗಾಜು ತಿಳಿಯಾದ ಮೇಲೆ ಕಡಿಮೆ ಮಾಡಿಕೊಳ್ಳಬಹುದು. ಐದಾರು ಕಿಲೋಮೀಟರ್ ಉಳಿಸಲು ಕಣ್ಣು ಕಟ್ಟಿಕೊಂಡು ಓಡಿಸಬೇಡಿ.

ಮುಂದಿನ ಗಾಜಿನ ಚಿತ್ರದ ಮೇಲೆ ಮೂರು ಡೊಂಕು ಗೆರೆ ಇರುವ ಬಟನ್ ಒತ್ತಿ. ಹೀಟರ್ ಜೊತೆ ಎಸಿಯೂ ಆನ್ ಇರಲಿ. ಚಳಿಯಲ್ಲಿ ಎಸಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಎಸಿ ಗಾಳಿಯ ನೀರು ಹಿಂಡುತ್ತದೆ, ಹೀಟರ್ ಆ ಒಣ ಗಾಳಿಯನ್ನು ಬಿಸಿ ಮಾಡುತ್ತದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಮಾತ್ರ ಆಫ್ ಇರಬೇಕು, ಹೊರಗಿನ ಗಾಳಿ ಬರಬೇಕು. ಇಕೋ ಮೋಡ್ ಇದ್ದರೆ ಅಷ್ಟು ಹೊತ್ತು ತೆಗೆಯಿರಿ, ಕೆಲವು ಗಾಡಿಗಳಲ್ಲಿ ಅದು ಹೀಟರನ್ನೇ ಕುಗ್ಗಿಸುತ್ತದೆ. ಸೊಸೈಟಿ ಪಾರ್ಕಿಂಗ್‌ನಲ್ಲಿ ಚಾರ್ಜರ್ ಇದ್ದು, ಆ್ಯಪ್‌ನಲ್ಲಿ ಸೌಲಭ್ಯ ಇದ್ದರೆ, ಹೊರಡುವ ಹತ್ತು ನಿಮಿಷ ಮುಂಚೆ ಪ್ಲಗ್ ತೆಗೆಯದೆ ಗಾಡಿ ಬೆಚ್ಚಗೆ ಮಾಡಿಕೊಳ್ಳಿ.

ಕಳೆದ ಜನವರಿಯಲ್ಲಿ ನನ್ನ ಅಳಿಯನ ಇವಿಯಲ್ಲಿ ನರಸೋಬವಾಡಿಗೆ ಹೋಗಿದ್ದೆವು. ನಸುಕಿನಲ್ಲೇ ಹೊಳೆಯಲ್ಲಿ ಮಿಂದು ದರ್ಶನ ಮುಗಿಸಿ ಹೊರಟೆವು. ಎಲ್ಲ ಬಟನ್ ಸರಿಯಿದ್ದರೂ ಗಾಜು ತಿಳಿಯಾಗಲಿಲ್ಲ. ಹಿಂದೆ ತಿರುಗಿದರೆ ಸೀಟಿನ ಮೇಲೆ ಎರಡು ಒದ್ದೆ ಪಂಚೆ, ಒಂದು ಟವೆಲ್ ಹರಡಿವೆ! ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ, ಸ್ವಲ್ಪ ಹೊತ್ತಿಗೆ ರಸ್ತೆ ಕಂಡಿತು. ಆ ಹೊತ್ತಿನಲ್ಲಿ ಗಾಜಿನ ಒಳಗೆ ಬೆರಳಾಡಿಸಿದರೆ ಜಿಡ್ಡು. ಹೊಸ ಗಾಡಿಯ ಪ್ಲಾಸ್ಟಿಕ್ ಬಿಸಿಲಿಗೆ ಬಿಡುವ ಆವಿ ಕೂತು ಹಾಗಾಗುತ್ತದೆ, ಜಿಡ್ಡಿಗೆ ಮಬ್ಬು ಬೇಗ ಹಿಡಿಯುತ್ತದೆ. ನಿಮ್ಮದೂ ಆರು ತಿಂಗಳ ಗಾಡಿ. ಒಳಗಿನಿಂದ ಒಮ್ಮೆ ಗ್ಲಾಸ್ ಕ್ಲೀನರ್ ಹಾಕಿ ಒರೆಸಿ. ಕಾಲಡಿಯ ಮ್ಯಾಟ್ ಒದ್ದೆ ಇದೆಯಾ ನೋಡಿ.

ಮಳೆಗಾಲದಲ್ಲಿ ಲೋಣಾವಳಾ ಕಡೆ ಹೋದಾಗ ಇದು ಉಲ್ಟಾ ಆಗಬಹುದು. ಎಸಿಗೆ ಗಾಜು ತಣ್ಣಗಾಗಿ ಹೊರಗೆ ಮಬ್ಬು ಹಿಡಿಯುತ್ತದೆ. ಒಳಗೆ ಒರೆಸಿದರೆ ಹೋಗದಿದ್ದರೆ ವೈಪರ್ ಹಾಕಿ, ಎಸಿ ತಂಪು ಕಡಿಮೆ ಮಾಡಿ.

ಸಂಕ್ರಾಂತಿಗೆ ಊರಿಗೆ ಹೊರಡುವ ಮುಂಚೆ ಒಂದು ನಸುಕಿನಲ್ಲಿ ಒಬ್ಬರೇ ಕಾತ್ರಜ್ ತನಕ ಹೋಗಿ ನೋಡಿ. ಹತ್ತು ನಿಮಿಷವಾದರೂ ಗಾಳಿ ಬಿಸಿ ಬಾರದಿದ್ದರೆ ಹೀಟರ್ ಕೆಟ್ಟಿರಬಹುದು. ಬಾನೆಟ್ ತೆಗೆದು ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಬೇಡಿ, ಅದು ಹೈ ವೋಲ್ಟೇಜ್. ಸರ್ವಿಸ್ ಸೆಂಟರ್‌ನಲ್ಲಿ ‘ಹೀಟರ್ ಚೆಕ್ ಮಾಡಿ’ ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಏನಂದರು ಅಂತ ನನಗೂ ಬರೆಯಿರಿ.