ತೀರಿಕೊಂಡ ಸೀನಿಯರ್ ವಕೀಲರ ನೆನಪಿಗೆ ಏನ್ ಮಾಡಿದ್ರೆ ಚೆನ್ನಾಗಿರುತ್ತೆ?

ನಿಮ್ಮ ಪ್ರಶ್ನೆ ಇಷ್ಟು ತಾನೇ, ನಿಮ್ಮ ಸೀನಿಯರ್ ತೀರಿಕೊಂಡ್ರು, ಹಗಲು ಕೋರ್ಟು, ಸಂಜೆ ತಾವು ಓದಿದ ಯೂನಿವರ್ಸಿಟಿಯ ಹಳೆ ವಿದ್ಯಾರ್ಥಿ ಸಂಘ, ಭಾನುವಾರ ಬಡವರಿಗೆ ಫ್ರೀ ಸಲಹೆ ಅಂತ ಕೊನೆ ತನಕ ಓಡಾಡಿದವ್ರು, ಈಗ ಜೂನಿಯರ್‌ಗಳೆಲ್ಲ ಸೇರಿ ಒಂದಿಷ್ಟು ದುಡ್ಡು ಕೂಡಿಸಿದ್ದೀರಿ, ಚಿನ್ನದ ಪದಕ ಇಡೋದಾ, ಹಾಲ್‌ಗೆ ಹೆಸರಿಡಿಸೋದಾ, ಬಸ್ಟ್ (ಎದೆಮಟ್ಟದ ಪ್ರತಿಮೆ) ಮಾಡಿಸೋದಾ ಅಂತ.

ನಾನೂ ಕರಿಕೋಟಿನವನೇ, ಮಂಗಳೂರು ಕಡೆ. ಮೂರೂ ಬೇಡ ಮಾರಾಯ್ರೆ. ಆ ದುಡ್ಡಲ್ಲಿ ಯಾರಾದ್ರೂ ಒಬ್ಬರು ಅವರು ಮಾಡ್ತಿದ್ದ ಕೆಲಸಾನ ಮುಂದುವರಿಸೋ ಹಾಗೆ ಮಾಡಿ, ಸಾಕು.

ಯಾಕೆ ಅಂದ್ರೆ, ಯಾವ ಬಾರ್ ಅಸೋಸಿಯೇಷನ್ನಿಗೆ ಬೇಕಾದ್ರೂ ಹೋಗಿ ನೋಡಿ, ಗೋಡೆ ತುಂಬ ಫೋಟೋ, ಗಂಧದ ಹಾರದ ಮೇಲೆ ಧೂಳು, ಕೆಳಗಡೆ ಕೂತು ಟೀ ಕುಡಿಯೋ ಹುಡುಗರಿಗೆ ಎರಡನೇ ಸಾಲಿನವರು ಯಾರು ಅಂತಾನೂ ಗೊತ್ತಿರಲ್ಲ. ಸಂತಾಪ ಸಭೆ ಮಾಡ್ತೀವಿ, ಎರಡು ನಿಮಿಷ ಮೌನ (ಅದ್ರಲ್ಲೂ ಯಾರದ್ದಾದ್ರೂ ಮೊಬೈಲ್ ಹೊಡ್ಕೊಳ್ಳತ್ತೆ), ಆಮೇಲೆ ಎಲ್ರೂ ಫೈಲ್ ಎತ್ಕೊಂಡು ಹೊರಟ್ವಿ. ಅದನ್ನ ಮಾಡಬಾರ್ದು ಅಂತ ಹೇಳ್ತಿಲ್ಲ, ಮಾಡಲೇಬೇಕು, ಆದ್ರೆ ಅದಕ್ಕೆ ಚಂದಾ ದುಡ್ಡು ಬೇಕಾಗಿಲ್ಲ.

ಕಲ್ಕತ್ತೆಯ ತಾರಕನಾಥ ಪಾಲಿತ್ ಅಂತ ಒಬ್ರು ಬ್ಯಾರಿಸ್ಟರ್ ಇದ್ರು, ಹೆಸರು ಕೇಳಿರ್ಲಿಕ್ಕಿಲ್ಲ. ಇವರು ವಕೀಲಿಕೆಯಲ್ಲಿ ದುಡಿದಿದ್ದನ್ನ 1912ರಲ್ಲಿ ಜಾಗ ಎಲ್ಲ ಸೇರಿ ಸುಮಾರು 15 ಲಕ್ಷ ಬೆಲೆದು ಕಲ್ಕತ್ತಾ ಯೂನಿವರ್ಸಿಟಿಗೆ ಬರ್ಕೊಟ್ಟುಬಿಟ್ರು, ಆ ಕಾಲದ 15 ಲಕ್ಷ, ಯೋಚ್ನೆ ಮಾಡಿ. ಮರು ವರ್ಷ ಇನ್ನೊಬ್ರು ವಕೀಲರು, ಕಾಂಗ್ರೆಸ್ ಅಧ್ಯಕ್ಷರೂ ಆಗಿದ್ದ ರಾಸ್‌ಬಿಹಾರಿ ಘೋಷ್, 10 ಲಕ್ಷ ಕೊಟ್ರು. ಇದನ್ನೆಲ್ಲ ಕೂಡಿಸಿ ಸೈನ್ಸ್ ಕಾಲೇಜು ಕಟ್ಟಿಸಿದ ವೈಸ್ ಚಾನ್ಸಲರ್ ಆಶುತೋಷ್ ಮುಖರ್ಜಿನೂ ಕಾನೂನಿನವರೇ, ಹೈಕೋರ್ಟ್ ಜಡ್ಜು. ನನಗೆ ಇಷ್ಟ ಆಗೋದು ದುಡ್ಡಿನ ಮೊತ್ತಕ್ಕಿಂತ ಪಾಲಿತ್, ಘೋಷ್ ಇಬ್ರೂ ಹಾಕಿದ ಷರತ್ತು. ಬರೀ ಕಟ್ಟಡಕ್ಕೆ ಅಂತ ಕೊಡ್ಲಿಲ್ಲ, ಪ್ರೊಫೆಸರ್ ಹುದ್ದೆಗೆ ಅಂತ ಕೊಟ್ರು, ಆ ಹುದ್ದೆಗೆ ಭಾರತೀಯರನ್ನೇ ತಗೋಬೇಕು ಅಂತ ದಾನಪತ್ರದಲ್ಲೇ ಬರೆಸಿದ್ರು, ಬ್ರಿಟಿಷರು ಆಳ್ತಿದ್ದಾಗ! ಭೌತಶಾಸ್ತ್ರದ ಪಾಲಿತ್ ಪ್ರೊಫೆಸರ್ ಆಗಿ 1917ರಲ್ಲಿ ಬಂದಿದ್ದು ಯಾರು ಗೊತ್ತಾ, ಸಿ.ವಿ. ರಾಮನ್, ಸರ್ಕಾರದ ಹಣಕಾಸು ಇಲಾಖೆಯ ಒಳ್ಳೆ ಸಂಬಳದ ಕೆಲಸ ಬಿಟ್ಟು. 1928ರಲ್ಲಿ ರಾಮನ್ ಎಫೆಕ್ಟ್ ಕಂಡುಹಿಡಿದಾಗ್ಲೂ, 1930ರಲ್ಲಿ ನೊಬೆಲ್ ಬಂದಾಗ್ಲೂ ಅವರು ಅದೇ ಹುದ್ದೆಲಿದ್ರು, ಬೆಂಗಳೂರಿಗೆ ಬಂದಿದ್ದು ಆಮೇಲೆ 1933ರಲ್ಲಿ. ಪಾಲಿತ್ 1914ರಲ್ಲೇ ಹೋಗ್ಬಿಟ್ಟಿದ್ರು, ಏನೂ ನೋಡ್ಲಿಲ್ಲ ಪಾಪ. ನಿಮ್ಮ ಹತ್ರ ಅಷ್ಟು ದುಡ್ಡಿಲ್ಲ, ಗೊತ್ತು, ಆದ್ರೆ ಏನಕ್ಕೆ ಕೊಡ್ತೀವಿ ಅಂತ ಪತ್ರದಲ್ಲಿ ಸರಿಯಾಗಿ ಬರೆಸೋಕೆ ದುಡ್ಡು ಬೇಕಾ? ವಕೀಲರಾಗಿ ಅಷ್ಟೂ ಬರಲ್ಲ ಅಂದ್ರೆ ಹೆಂಗೆ.

ಇನ್ನು ಸಮಾಜಸೇವೆ ಅಂದ್ರೆ ನಮ್ಮೂರಿನ ಕುದ್ಮುಲ್ ರಂಗರಾಯರನ್ನ ಬಿಟ್ಟು ಮಾತಾಡೋಕಾಗಲ್ಲ. ಹುಟ್ಟಿದ್ದು 1859, ಮಂಗಳೂರಲ್ಲಿ ವಕೀಲರು, ಸಾರಸ್ವತ ಬ್ರಾಹ್ಮಣರು, 1890ರ ದಶಕದಲ್ಲೇ ದಲಿತ ಮಕ್ಕಳಿಗೆ ಶಾಲೆ ಶುರು ಮಾಡಿದ್ರು. ಜಾತಿಯವರು ಬಹಿಷ್ಕಾರ ಹಾಕಿದ್ರು, ಶಾಲೆಗೆ ಜಾಗ ಸಿಗ್ತಿರ್ಲಿಲ್ಲ, ಪಾಠ ಹೇಳೋಕೆ ಮೇಲ್ಜಾತಿ ಮೇಷ್ಟ್ರು ಬರ್ತಿರ್ಲಿಲ್ಲ, ಇವರು ಬಿಡ್ಲಿಲ್ಲ, ಮಕ್ಕಳಿಗೆ ಮಧ್ಯಾಹ್ನ ಊಟ ಹಾಕಿ ಶಾಲೆಲಿ ಉಳಿಸ್ಕೊಂಡ್ರು. ವಿಧವೆ ಮಗಳು ರಾಧಾಬಾಯಿಗೆ ಬೇರೆ ಜಾತಿಯ ಪಿ. ಸುಬ್ಬರಾಯನ್ ಜೊತೆ ಮದುವೆ ಮಾಡಿಸಿದ್ರು, ಆ ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ ಆದ್ರು, ಮೊಮ್ಮಗ ಜನರಲ್ ಕುಮಾರಮಂಗಲಂ ಸೇನಾ ಮುಖ್ಯಸ್ಥರಾದ್ರು. ದಲಿತ ಮಕ್ಕಳು ಓದಿ ದೊಡ್ಡ ಕೆಲಸಕ್ಕೆ ಸೇರಿ ಇದೇ ರಸ್ತೆಲಿ ಕಾರಲ್ಲಿ ಓಡಾಡ್ಬೇಕು, ಆ ಧೂಳು ನನ್ನ ತಲೆಗೆ ತಾಗಿದ್ರೆ ಜನ್ಮ ಸಾರ್ಥಕ ಅಂತ ಅವರ ಆಸೆ ಆಗಿತ್ತಂತೆ, ಇದು ನಮ್ಮ ಕಡೆ ಎಲ್ರಿಗೂ ಬಾಯಿಪಾಠ. ಹೋಗಿದ್ದು 1928ರಲ್ಲಿ. ಆದ್ರೆ ಅದಕ್ಕೂ ಮುಂಚೆನೇ ಈ ಕೆಲಸಕ್ಕೆ ಅಂತ ತಾವು ಕಟ್ಟಿದ್ದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನ, ಗೋಖಲೆಯವರು ಶುರುಮಾಡಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಕೈಗೆ ಒಪ್ಪಿಸಿಬಿಟ್ಟಿದ್ರು, ಹಾಗಾಗಿ 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ನೋಡೋಕೆ ನಡೀತಿರೋ ಕೆಲಸವೇ ಇತ್ತು. ಈಗ ಟೌನ್‌ಹಾಲ್‌ಗೂ ಅವರ ಹೆಸರಿದೆ, ಸಂತೋಷನೇ, ಆದ್ರೆ ಅಲ್ಲಿ ಯಕ್ಷಗಾನ ನೋಡೋಕೆ ಬರೋ ಎಷ್ಟು ಜನಕ್ಕೆ ಅವರು ವಕೀಲರಾಗಿದ್ರು ಅಂತ ಗೊತ್ತು ಹೇಳಿ.

ಸರಿ, ಈಗ ನಿಮ್ಮ ವಿಷಯ. ಪದಕದ ಕಷ್ಟ ಏನಂದ್ರೆ ಯೂನಿವರ್ಸಿಟಿಲಿ ದತ್ತಿ ಇಟ್ರೆ ಅಸಲು ಮುಟ್ಟಲ್ಲ, ಬಡ್ಡಿಲಿ ನಡೀಬೇಕು, ಬಡ್ಡಿ ಇಳೀತಾ ಹೋಗತ್ತೆ ಚಿನ್ನ ಏರ್ತಾ ಹೋಗತ್ತೆ, ಕೊನೆಗೆ ಆ ದುಡ್ಡಲ್ಲಿ ಏನು ಬರತ್ತೆ ನೀವೇ ಲೆಕ್ಕ ಹಾಕಿ. ಅಲ್ಲದೆ ಪದಕ ತಗೊಳ್ಳೋ ಮಗು ಹೇಗೂ ಮುಂದೆ ಬರತ್ತೆ. ಅದರ ಬದಲು ಲಾ ಕಾಲೇಜಿನ ಲೀಗಲ್ ಏಡ್ ಕ್ಲಿನಿಕ್, ಅಂದ್ರೆ ಜನಕ್ಕೆ ಫ್ರೀಯಾಗಿ ಕಾನೂನು ಸಲಹೆ ಕೊಡೋ ಕೇಂದ್ರ, ಅದನ್ನ ಹಿಡ್ಕೊಳ್ಳಿ. ಬಾರ್ ಕೌನ್ಸಿಲ್ ನಿಯಮ ಪ್ರಕಾರ ಪ್ರತಿ ಲಾ ಕಾಲೇಜಲ್ಲೂ ಒಂದು ಇರ್ಲೇಬೇಕು, ಆದ್ರೆ ಎಷ್ಟೋ ಕಡೆ ಒಂದು ಬೋರ್ಡು, ಒಂದು ರಿಜಿಸ್ಟರ್, ಬೀಗ. ಅಲ್ಲಿ ವಾರಕ್ಕೊಂದು ದಿನ ಕೂರೋಕೆ ಒಬ್ಬ ಹೊಸ ವಕೀಲನಿಗೋ ವಕೀಲಳಿಗೋ ನಿಮ್ಮ ಸೀನಿಯರ್ ಹೆಸರಲ್ಲಿ ಒಂದು ಗೌರವಧನ ಕೊಡಿ, ಪ್ರಾಕ್ಟೀಸ್ ಶುರುಮಾಡಿದ ಮೊದಲ ಎರಡ್ಮೂರು ವರ್ಷ ಕೈಲಿ ಕಾಸಿಲ್ಲದ ಕಷ್ಟ ನಮಗೆಲ್ಲ ಗೊತ್ತಿದ್ದದ್ದೇ. ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿಯವರು, ಕಸ್ಟಡಿಲಿರೋರು, ಇವರಿಗೆಲ್ಲ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಆದಾಯ ಎಷ್ಟೇ ಇದ್ರೂ ಫ್ರೀಯಾಗಿ ವಕೀಲರು ಸಿಗ್ತಾರೆ, ಜನಕ್ಕೆ ಅದು ಗೊತ್ತೇ ಇಲ್ಲ. ಅರ್ಜಿ ಬರ್ಕೊಟ್ಟು ತಾಲೂಕು ಕಾನೂನು ಸೇವಾ ಸಮಿತಿ ತನಕ ಜೊತೆಲಿ ಹೋಗೋರು ಒಬ್ರಿದ್ರೆ ಅರ್ಧ ಕೆಲಸ ಆಯ್ತು, ನಿಮ್ಮ ಸೀನಿಯರ್ ಭಾನುವಾರ ಮಾಡ್ತಿದ್ದಿದ್ದೂ ಇದೇ ಇರ್ಬೇಕು.

ದತ್ತಿ ಪತ್ರ ಮಾಡಿಸುವಾಗ, ಕ್ಲಿನಿಕ್ ನಿಂತುಹೋದ್ರೆ ದುಡ್ಡು ಎಲ್ಲಿಗೆ ಹೋಗ್ಬೇಕು, ಆಯ್ಕೆ ಸಮಿತಿಲಿ ನಿಮ್ಮವರು ಯಾರಾದ್ರೂ ಒಬ್ರು ಇರ್ಬೇಕು, ಇವೆರಡನ್ನ ಮರೀದೆ ಹಾಕ್ಸಿ.

ಆಮೇಲೆ ಅವರ ಆಫೀಸಿನ ಪುಸ್ತಕ. ಎಐಆರ್, ಐಎಲ್‌ಆರ್ (ಕೋರ್ಟ್ ತೀರ್ಪುಗಳ ಸಂಪುಟ) ಬೈಂಡು ಅಂತ ಗೋಡೆ ತುಂಬ ಇರತ್ತಲ್ಲ, ಎಲ್ಲಾನೂ ಲೈಬ್ರರಿಗೆ ಕೊಟ್ಬಿಡ್ತೀವಿ ಅಂತ ಟೆಂಪೋ ತುಂಬಿಸ್ಬೇಡಿ, ಈಗೆಲ್ಲ ಆನ್‌ಲೈನ್ ಬಂದ್ಮೇಲೆ ಲೈಬ್ರರಿಯವರು ಜಾಗ ಇಲ್ಲ ಅಂತಾರೆ, ಮೊದ್ಲು ಕೇಳಿ. ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಅವರೇ ನೋಟ್ಸ್ ಹಾಕಿರೋ ಪುಸ್ತಕ ಇದ್ರೆ ಅದನ್ನ ಮಾತ್ರ ಕ್ಲಿನಿಕ್ಕಿಗೆ ಕೊಡಿ, ಮನೆಯವರು ರದ್ದಿಗೆ ಹಾಕೋಕ್ ಮುಂಚೆ ಈ ವಾರನೇ ಹೋಗಿ ತೆಗೆದಿಟ್ಕೊಳ್ಳಿ.