ಹದಿಮೂರರ ಸ್ಪ್ಯಾನರ್

ಸ್ಟುಟ್‌ಗಾರ್ಟ್ ಹತ್ತಿರದ ಕಂಪನಿಯಲ್ಲಿ ಆರು ತಿಂಗಳ ಡಿಸೈನ್ ಇಂಟರ್ನ್‌ಶಿಪ್ ಸಿಕ್ಕಿದೆ, ಮಾರ್ಚಿಗೆ ಸೇರಬೇಕು ಅಂತ ಬರೆದಿದ್ದೀಯ. ಕೆಲಸ ಹೇಗಿರುತ್ತೆ, ಎಷ್ಟು ಗಂಟೆ, ಜರ್ಮನ್ ಬರಲೇಬೇಕಾ, ಆಮೇಲೆ ಅಲ್ಲೇ ಕೆಲಸ ಕೊಡ್ತಾರಾ, ಶನಿವಾರ ಭಾನುವಾರ ಏನು ಮಾಡೋದು, ಇಷ್ಟು ನಿನ್ನ ಪ್ರಶ್ನೆ. ಅಣ್ಣಾ ಅಂತ ಕರೆದಿದ್ದೀಯಲ್ಲ, ನಾನು ನೀನು ಅಂತಲೇ ಬರೆಯುತ್ತೇನೆ. ನಾನೂ ಇದೇ ಊರಿಗೆ, ಇಂಥದ್ದೇ ಕೆಲಸಕ್ಕೆ, 2011ರ ಮಾರ್ಚಿನಲ್ಲಿ ಬಂದವನು. ಮಾರ್ಚ್ ಅಂದರೆ ಬೇಸಿಗೆ ಅಂದುಕೊಂಡು ಒಂದೇ ಸ್ವೆಟರ್ ತಂದಿದ್ದೆ. ನೀನು ಆ ತಪ್ಪು ಮಾಡಬೇಡ.

ಸಣ್ಣ ಉತ್ತರಗಳು ಮೊದಲು. ಇಲ್ಲಿನ ಲೋಹ ಉದ್ಯಮದ ಕಾರ್ಮಿಕ ಒಪ್ಪಂದದಲ್ಲಿ 1995ರಿಂದ ವಾರಕ್ಕೆ 35 ಗಂಟೆ. ನಿನ್ನ ಕಂಪನಿ ಅದರಲ್ಲಿ ಇದೆಯಾ ನೋಡಿಕೋ. ಸಂಬಳ ನಿನ್ನ ಕಾಗದದಲ್ಲಿ ಬರೆದಷ್ಟೇ. ಕೋರ್ಸಿನ ಭಾಗವಾಗಿ ಮಾಡಲೇಬೇಕಾದ ಇಂಟರ್ನ್‌ಶಿಪ್ ಆದರೆ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ. ರೂಮಿಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸು, ಮನೆ ಮಾಲೀಕರ ಸಹಿ ಮರೆಯಬೇಡ. ವೀಸಾ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ನನ್ನ ಕಾಲದ ನಿಯಮ ಕಟ್ಟಿಕೊಂಡು ನಿನಗೇನು ಮಾಡಬೇಕು?

ಕೆಲಸ ಅಂದರೆ ಕಾರಿನ ಬಾಡಿ ಬಿಡಿಸೋದು ಅಂದುಕೊಂಡಿದ್ದರೆ ಬಿಟ್ಟುಬಿಡು. ಬೇರೆಯವರ ಡ್ರಾಯಿಂಗಿನಲ್ಲಿ ರಿವಿಷನ್ ಏರಿಸೋದು, ಬಿಡಿಭಾಗಗಳ ಪಟ್ಟಿ ಸರಿ ಮಾಡೋದು, ಸಣ್ಣ ಬ್ರಾಕೆಟ್ಟು, ಕೆಲಸ ಮಾಡುವಾಗ ತುಂಡನ್ನು ಅಲ್ಲಾಡದ ಹಾಗೆ ಹಿಡಿದಿಡುವ ಫಿಕ್ಸ್ಚರು. ಡ್ರಾಯಿಂಗ್ ಸಾಫ್ಟ್‌ವೇರ್ ಕ್ಯಾಟಿಯಾ ಇರಲಿ, ಎನ್‌ಎಕ್ಸ್ ಇರಲಿ, ಎರಡು ಮೂರು ವಾರದಲ್ಲಿ ಕೈಗೆ ಬರುತ್ತೆ. ಮುಂದಿನ, ಮೇಲಿನ, ಪಕ್ಕದ ನೋಟಗಳನ್ನು ಹಾಳೆಯಲ್ಲಿ ಜೋಡಿಸೋಕೆ ನಾವು ಕಾಲೇಜಿನಲ್ಲಿ ಕಲಿತ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ನೇ ಇಲ್ಲೂ ನಡೆಯೋದು, ಅದೊಂದು ಪುಣ್ಯ. ಆದರೆ ದಶಾಂಶಕ್ಕೆ ಇವರು ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಇಡುತ್ತಾರೆ. ಎಂಟೂವರೆ ಅಂದರೆ 8,5. ಚುಕ್ಕಿ ಸಾವಿರಕ್ಕೆ: 1.250 ಅಂತ ಕಂಡರೆ ಅದು ಒಂದೂಕಾಲು ಅಲ್ಲ, ಸಾವಿರದ ಇನ್ನೂರೈವತ್ತು.

ಈಗ ಜರ್ಮನ್. ಆಫೀಸಿನಲ್ಲಿ ಇಂಗ್ಲಿಷ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ, ಮೇಲಿನ ಮಹಡಿಯಲ್ಲಿ ಸಾಕು. ನಮ್ಮ ಕಂಪನಿಯಲ್ಲಿ ಡಿಸೈನ್ ಮೇಲೆ, ವರ್ಕ್‌ಶಾಪ್ ಕೆಳಗೆ. ಮೊದಲ ವಾರವೇ ನನ್ನ ಗೈಡ್ ಕೆಳಗೆ ಕರೆದುಕೊಂಡು ಹೋಗಿ ಅಲ್ಲಿನ ಮೈಸ್ಟರ್‌ಗೆ, ಅಂದರೆ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿಗೆ, ಪರಿಚಯ ಮಾಡಿಸಿದರು. ಅರವತ್ತರ ಹತ್ತಿರದ ಮನುಷ್ಯ, ನೀಲಿ ಕೋಟು, ಕಿವಿಯ ಮೇಲೆ ಪೆನ್ಸಿಲ್ಲು. ಯಾವುದೋ ಡ್ರಾಯಿಂಗ್ ತೋರಿಸಿ ಈ ಕಡೆಯ ಆಡುಮಾತಾದ ಶ್ವಾಬಿಷ್ ಧಾಟಿಯಲ್ಲಿ ಏನೋ ಕೇಳಿದರು. ನನಗೆ ತಿಳಿದದ್ದು ಒಂದೇ ಪದ, ಶ್ಲೂಸೆಲ್. ಕ್ಲಾಸಿನಲ್ಲಿ ಕಲಿತಿದ್ದೆ, ಶ್ಲೂಸೆಲ್ ಅಂದರೆ ಬೀಗದ ಕೈ. ಜೇಬಿನಿಂದ ನನ್ನ ರೂಮಿನ ಬೀಗದ ಕೈ ತೆಗೆದು ಅವರ ಕೈಗಿಟ್ಟೆ.

ಸ್ಪ್ಯಾನರಿಗೂ ಇಲ್ಲಿ ಶ್ಲೂಸೆಲ್ ಅಂತಲೇ ಅನ್ನುತ್ತಾರೆ. ಸ್ಪ್ಯಾನರ್ ಎಲ್ಲಿ ಹೋಗುತ್ತೆ ಅಂತ ಅವರು ಕೇಳಿದ್ದು. ನಾಲ್ಕು ಮಷಿನ್ ಹತ್ತಿರ ನಿಂತವರೆಲ್ಲ ನಕ್ಕರು. ಕೆಟ್ಟ ನಗು ಅಲ್ಲ, ಈಗ ಗೊತ್ತಾಗುತ್ತೆ. ಆವತ್ತು ಗೊತ್ತಾಗಲಿಲ್ಲ. ಆಮೇಲೆ ನಾನು ಕೆಳಗೆ ಇಳಿಯಲೇ ಇಲ್ಲ.

ಎರಡು ತಿಂಗಳಾದ ಮೇಲೆ ನನಗೇ ಅಂತ ಒಂದು ಫಿಕ್ಸ್ಚರ್ ಕೊಟ್ಟರು. ಮಿಲ್ಲಿಂಗಿಗೆ, ಅಂದರೆ ಮಷಿನ್ನಿನಲ್ಲಿ ಲೋಹ ಕೊರೆಯೋಕೆ, ಕೊಡುವ ಮೊದಲು ಕೆಳಗೆ ತೋರಿಸಿ ಬಾ ಅಂದರು ಗೈಡ್. ನಾನು ತಲೆ ಅಲ್ಲಾಡಿಸಿದೆ. ನಮ್ಮ ತಲೆ ಅಲ್ಲಾಡಿಸೋದು ನಿನಗೆ ಗೊತ್ತಲ್ಲ, ಹೂಂ ಅಂತಲೂ ಅಲ್ಲ, ಊಹೂಂ ಅಂತಲೂ ಅಲ್ಲ. ಹೋಗಲಿಲ್ಲ. ಭಾಗಗಳು ಒಂದಕ್ಕೊಂದು ತಾಗುತ್ತವಾ ಅಂತ ಕಂಪ್ಯೂಟರಿನಲ್ಲಿ ಕ್ಲಾಶ್ ಚೆಕ್ ಮಾಡಿದೆ, ಒಂದೂ ಬರಲಿಲ್ಲ. ಸರಿ ಇದೆ ಅಂತ ಕಳಿಸಿಬಿಟ್ಟೆ.

ಹತ್ತು ದಿನ ಬಿಟ್ಟು ಕೆಳಗಿನಿಂದ ಫೋನ್. ನನ್ನ ಫಿಕ್ಸ್ಚರ್ ಮೇಜಿನ ಮೇಲಿತ್ತು. ಮೈಸ್ಟರ್ ಏನೂ ಹೇಳದೆ ಎಂಟು ಮಿಲಿಮೀಟರಿನ ಒಂದು ಎಂ8 ಬೋಲ್ಟು, ಅದರ ತಲೆಗೆ ಕೂರುವ ಒಂದು ಹದಿಮೂರರ ಸ್ಪ್ಯಾನರ್ ನನ್ನ ಕೈಗೆ ಕೊಟ್ಟು, ಬಿಗಿ ಮಾಡು ಅಂತ ಸನ್ನೆ ಮಾಡಿದರು. ಬೋಲ್ಟಿನ ತೂತಿನ ನಡುವಿಗೂ ಪಕ್ಕದಲ್ಲಿ ಎದ್ದು ನಿಂತ ಪಟ್ಟಿಗೂ, ಅಂದರೆ ರಿಬ್ಬಿಗೂ, 8,5 ಮಿಲಿಮೀಟರ್ ಇಟ್ಟಿದ್ದೆ. ಬೋಲ್ಟಿನ ತಲೆ ಆರಾಮಾಗಿ ಕೂತಿತು. ಸ್ಪ್ಯಾನರ್ ಬಾಯಿ ಒಳಗೆ ಹೋಗಲಿಲ್ಲ. ಬೋಲ್ಟಿನ ತಲೆಗೆ ಮೇಲಿನಿಂದ ಟೋಪಿಯ ಹಾಗೆ ಕೂರುವ ಸಾಕೆಟ್ ಹಾಕಿ ನೋಡಿದೆ, ರಿಬ್ಬಿಗೆ ತಾಗಿ ನಿಂತಿತು. ಕಂಪ್ಯೂಟರಿಗೆ ಬೋಲ್ಟ್ ಗೊತ್ತಿತ್ತು, ಅದನ್ನು ತಿರುಗಿಸುವ ಕೈ ಗೊತ್ತಿರಲಿಲ್ಲ. ನಾಲ್ಕು ತುಂಡು ಮಿಲ್ ಆಗಿ ಬಂದಿದ್ದವು, ನಾಲ್ಕೂ ಹಾಗೇ. ರಿಬ್ ಕೊರೆದು ಸರಿ ಮಾಡಲು ಅವರಿಗೆ ಅರ್ಧ ದಿನ ಹಿಡಿಯಿತು. ಬೈಯಲಿಲ್ಲ. ಮೊದಲೇ ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಿದರು, ನನಗೆ ಅರ್ಥವಾಗಲಿ ಅಂತ ನಿಧಾನವಾಗಿ, ಬಿಡಿ ಬಿಡಿಯಾಗಿ. ನಾನು ಬೂಟು ನೋಡುತ್ತಾ ನಿಂತಿದ್ದೆ. ಹೊರಡುವಾಗ ಇನ್ನೊಂದು ಮಾತು ಕೇಳಿದರು. ಭಾನುವಾರ ನಾನೂ ಹೆಂಡತಿಯೂ ಬೆಟ್ಟಕ್ಕೆ ನಡೆಯೋಕೆ ಹೋಗ್ತೀವಿ, ಬರ್ತೀಯಾ?

ಕೆಲಸ ಇದೆ ಅಂದೆ. ಏನೂ ಕೆಲಸ ಇರಲಿಲ್ಲ.

ಶನಿವಾರ ಭಾನುವಾರದ ಬಗ್ಗೆ ಕೇಳಿದ್ದೀಯಲ್ಲ, ನನ್ನ ಇಪ್ಪತ್ತಾರು ಭಾನುವಾರ ಹೇಗೆ ಹೋದವು ಅಂದರೆ, ರೂಮು, ಲ್ಯಾಪ್‌ಟಾಪು, ಮನೆಗೆ ಫೋನು. ಭಾನುವಾರ ಅಂಗಡಿ ಮುಚ್ಚಿರುತ್ತೆ, ಸಾಮಾನು ಶನಿವಾರವೇ ತಂದಿಟ್ಟುಕೋ. ಮೆಟ್ಟಿಲು ಗುಡಿಸುವ ಸರದಿ ಇರುತ್ತೆ, ಕೇರ್‌ವೋಖೆ ಅಂತಾರೆ, ಬಾಗಿಲಿಗೆ ಬೋರ್ಡ್ ನೇತು ಹಾಕಿದ ವಾರ ನಿನ್ನದು. ತಪ್ಪಿಸಬೇಡ, ಪಕ್ಕದ ಮನೆಯ ಅಜ್ಜಿ ಮಾತಾಡೋದು ಬಿಡುತ್ತಾರೆ. ಮರ್ಸಿಡಿಸ್ ಮ್ಯೂಸಿಯಂ ನೋಡು, ಲಿಫ್ಟಿನಲ್ಲಿ ತುದಿಗೆ ಹೋಗಿ ಇಳಿಯುತ್ತಾ ಬರಬೇಕು, ಶುರುವಿನಲ್ಲೇ 1886ರ ಬೆನ್ಸ್ ಗಾಡಿ. ಪೋರ್ಷೆಯದ್ದು ಜುಫೆನ್‌ಹೌಸೆನ್‌ನಲ್ಲಿ. ಎರಡು ಶನಿವಾರದಲ್ಲಿ ಎರಡೂ ಮುಗಿಯುತ್ತೆ. ಉಳಿದ ಭಾನುವಾರಗಳ ಮಾತು ನಾನು ಹೇಳ್ತಿರೋದು.

ಆ ಕಂಪನಿ ನನ್ನನ್ನು ಇಟ್ಟುಕೊಳ್ಳಲಿಲ್ಲ. ಕೆಲಸ ಸಿಕ್ಕಿದ್ದು ಬೇರೆ ಕಡೆ, ಆಮೇಲೆ. ಇಂಟರ್ನ್‌ಶಿಪ್ ಮುಗಿದಾಗ ಕೊಡುವ ಸರ್ಟಿಫಿಕೇಟಿನಲ್ಲಿ ‘ಪೂರ್ತಿ ತೃಪ್ತಿಯಾಗಿದೆ’ ಅಂತ ಬರೆದಿದ್ದರು. ಖುಷಿಯಿಂದ ಮನೆಗೆ ಕಳಿಸಿದೆ. ಇಲ್ಲಿ ಅದಕ್ಕೆ ಒಂದು ಗುಟ್ಟಿನ ಭಾಷೆ ಇದೆ. ‘ಯಾವಾಗಲೂ ಅತ್ಯಂತ ಪೂರ್ತಿ ತೃಪ್ತಿ’ ಅಂತಿದ್ದರೆ ಫಸ್ಟ್ ಕ್ಲಾಸು, ಬರೀ ‘ಪೂರ್ತಿ’ ಅಂದರೆ ಪರವಾಗಿಲ್ಲ ಅಂತ ಅರ್ಥ. ಅಮ್ಮ ಅದಕ್ಕೆ ಫ್ರೇಮ್ ಹಾಕಿಸಿದ್ದಾರೆ. ಇವತ್ತಿನವರೆಗೂ ಹೇಳಿಲ್ಲ.

ಎರಡು ವರ್ಷ ಬಿಟ್ಟು, ಸ್ವಲ್ಪ ಜರ್ಮನ್ ಬಂದ ಮೇಲೆ, ಮೈಸ್ಟರ್ ಅವರನ್ನು ನೋಡೋಣ ಅಂತ ಹೋದೆ. ನಿವೃತ್ತರಾಗಿ ಊರು ಬಿಟ್ಟಿದ್ದರು, ಮಗಳ ಊರಿಗೆ. ಫೋನ್ ನಂಬರ್ ಕೊಡೋಕೆ ಆಫೀಸಿನವರು ಒಪ್ಪಲಿಲ್ಲ. ಆ ಭಾನುವಾರ ಮೈಸ್ಟರ್ ನನ್ನನ್ನು ಕರೆದಿದ್ದು ಬಾಡ್ ಉರಾಖ್ ಜಲಪಾತಕ್ಕೆ. ಮೆಟ್ಸಿಂಗೆನ್‌ನಲ್ಲಿ ಇಳಿದು ಚಿಕ್ಕ ರೈಲು ಹಿಡಿದರೆ, ಜಲಪಾತದ ಹೆಸರಿನದ್ದೇ ಒಂದು ನಿಲ್ದಾಣ ಇದೆ. 37 ಮೀಟರ್ ಎತ್ತರದಿಂದ ನೀರು ಬೀಳುತ್ತೆ. ನಮ್ಮ ಕಡೆಯ ಜಲಪಾತ ನೋಡಿದವರಿಗೆ ಏನೇನೂ ಅಲ್ಲ ಅನ್ನಿಸಬಹುದು. ನಾನು ವರ್ಷಕ್ಕೆ ಎರಡು ಸಲ ಹೋಗುತ್ತೇನೆ.

ಏಪ್ರಿಲ್ ಮೊದಲ ಭಾನುವಾರ ಬಿಡುವು ಇಟ್ಟುಕೋ. ಕೆಲಸ ಇದೆ ಅಂತ ಹೇಳಿದರೆ ನಾನು ನಂಬೋದಿಲ್ಲ. ಹಿಡಿತ ಇರುವ ಬೂಟು ಹಾಕಿಕೊಂಡು ಬಾ, ಮೇಲಿನ ಮೆಟ್ಟಿಲು ಜಾರುತ್ತೆ.